ಹಬ್ ಗೇರಿನ ಹೈಬ್ರಿಡ್ ಸೈಕಲ್ ಕೊಳ್ಳುವುದು ಹೇಗೆ: ನೆದರ್ಲೆಂಡ್ಸಿಗೆ ಹೊಸದಾಗಿ ಬಂದವರಿಗೆ

"ಅಣ್ಣಾ, 21 ಗೇರಿಂದು 90 ಯೂರೋಗೆ ಸಿಗ್ತಿದೆ, ತಗೊಂಡ್ಬಿಡ್ಲಾ?"

ಐಂಡ್‌ಹೋವನ್‌ಗೆ ಹೊಸದಾಗಿ ಬಂದ ನಮ್ಮ ಹುಡುಗರಿಂದ ಈ ಮೆಸೇಜು ಬರುತ್ತಲೇ ಇರುತ್ತದೆ. ನಾನು ಬೇಡ ಅನ್ನುತ್ತೇನೆ, ಅವರು ತಗೊಂಡೇ ಬಿಡುತ್ತಾರೆ. ನವೆಂಬರಿನ ಮಳೆಗೆ ಚೈನು ಕೆಂಪಗಾಗುತ್ತದೆ, ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಪಕ್ಕದ ಸೈಕಲ್ ತಾಗಿ ಡಿರೈಲರ್ (ಗೇರು ಬದಲಿಸಲು ಚೈನನ್ನು ಪಕ್ಕಕ್ಕೆ ಸರಿಸುವ, ಹೊರಗೆ ನೇತಾಡುವ ಕೈ) ಬೆಂಡಾಗುತ್ತದೆ. ಆಮೇಲೆ ಗೇರೆಲ್ಲಾ ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಇರುವ ಹಬ್ ಗೇರಿನದ್ದು ಹುಡುಕಲು ಹೊರಡುತ್ತಾರೆ, ಅದರಲ್ಲೂ ಎಡವುತ್ತಾರೆ. ಒಬ್ಬನಿಗೆ ಸೈಕಲ್ ಎತ್ತರ ಜಾಸ್ತಿ. ಇನ್ನೊಬ್ಬನದ್ದು ಹಿಂದಕ್ಕೆ ತುಳಿದರೆ ಗಕ್ಕನೆ ನಿಲ್ಲುವ ಸೈಕಲ್ಲು, ಕೊಳ್ಳುವಾಗ ಅವನಿಗೆ ಗೊತ್ತೇ ಇರಲಿಲ್ಲ. ಮತ್ತೊಬ್ಬಳದ್ದು ಏಳನೇ ಗೇರಿನಲ್ಲಿ ಜಾರುತ್ತದೆ.

ಎಲ್ಲರೂ ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಬಣ್ಣ, ಕೊನೆಗೆ ಹಬ್. ಅದನ್ನೂ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಕ್ರಮವನ್ನು ತಿರುಗಿಸಿ ಹಾಕಬೇಕು. ಹಿಂದಿನ ಚಕ್ರದ ಹಬ್ಬೇ ಈ ಸೈಕಲ್ಲಿನ ಅತಿ ದುಬಾರಿ ಭಾಗ. ಅದು ಕೆಟ್ಟರೆ ಒಳಗೆ ರಿಪೇರಿ ಮಾಡುವುದಕ್ಕಿಂತ ಹೊಸ ಚಕ್ರ ಹಾಕುವುದೇ ವಾಸಿ ಅನ್ನುತ್ತಾರೆ ಅಂಗಡಿಯವರು, ಆ ಖರ್ಚು ಹಳೇ ಸೈಕಲ್ಲಿನ ಬೆಲೆಯ ಹತ್ತಿರಕ್ಕೇ ಹೋಗುತ್ತದೆ.

ಬೇಕಾಗುವ ಸಾಮಾನು: ಒಂದು ಅಳತೆ ಟೇಪು, ದಪ್ಪ ಪುಸ್ತಕ, ಒಂದು ಹಳೇ ಬಟ್ಟೆ, ಮೊಬೈಲಿನ ಟಾರ್ಚು. ಕೊಂಡ ಮೇಲೆ 15 ಎಂಎಂ ಸ್ಪ್ಯಾನರ್ ಒಂದು ಬೇಕೇ ಬೇಕು. ಹಿಂದಿನ ಚಕ್ರದ ನಟ್ಟು ಸಾಮಾನ್ಯವಾಗಿ ಅದೇ ಸೈಜು.

## 1. ಎಷ್ಟು ಗೇರು ಬೇಕು ಅಂತ ಮೊದಲು ತೀರ್ಮಾನ ಮಾಡಿ

ಹಬ್ ಗೇರು ಅಂದರೆ ಗೇರೆಲ್ಲಾ ಹಿಂದಿನ ಚಕ್ರದ ನಡುವಿನ ಡಬ್ಬಿಯೊಳಗೆ ಇರುತ್ತದೆ. ಹೊರಗೆ ಕಾಣುವುದು ಮುಂದೊಂದು, ಹಿಂದೊಂದು ಹಲ್ಲಿನ ಚಕ್ರ ಮಾತ್ರ. ಚೈನು ಎಲ್ಲಿಗೂ ಜಿಗಿಯುವುದಿಲ್ಲ. ಹಾಗಾಗಿ ಪೂರ್ತಿ ಚೈನ್ ಕವರ್ ಹಾಕಬಹುದು, ಪ್ಯಾಂಟಿಗೆ ಗ್ರೀಸ್ ಮೆತ್ತುವುದಿಲ್ಲ, ನಿಂತಲ್ಲೇ ಗೇರು ಬದಲಿಸಬಹುದು.

ಇಲ್ಲಿ ಗೇರಿನ ಸಂಖ್ಯೆಗಿಂತ ಮುಖ್ಯವಾದದ್ದು ವ್ಯಾಪ್ತಿ. ಅತಿ ಹಗುರ ಗೇರಿಗೂ ಅತಿ ಭಾರದ ಗೇರಿಗೂ ಎಷ್ಟು ಅಂತರ ಅನ್ನುವುದು. ಶಿಮಾನೋ ಕಂಪನಿಯ ಮೂರು ಗೇರಿನ ಹಬ್ ನೆಕ್ಸಸ್ 3ರ ವ್ಯಾಪ್ತಿ 186% (ಅಂದರೆ ಅತಿ ಭಾರದ ಗೇರು ಅತಿ ಹಗುರದ್ದರ 1.86 ಪಟ್ಟು), ನೆಕ್ಸಸ್ 7ರದ್ದು 244%, ನೆಕ್ಸಸ್ 8ರದ್ದು 307%. 21 ಗೇರು ಅಂತ ಬರೆದಿರುವ ಡಿರೈಲರ್ ಸೈಕಲ್ಲಿನಲ್ಲಿ ಅರ್ಧಕ್ಕರ್ಧ ಗೇರು ಒಂದರ ಮೇಲೊಂದು ಬೀಳುತ್ತವೆ, ಅದನ್ನು ನೋಡಿ ಮರುಳಾಗಬೇಡಿ.

ಕಾಲಿಗೆ ಇದು ಹೇಗೆ ಗೊತ್ತಾಗುತ್ತದೆ? ಮುಂದೆ 38 ಹಲ್ಲು, ಹಿಂದೆ 19 ಹಲ್ಲು, 28 ಇಂಚಿನ ಚಕ್ರ ಅಂದುಕೊಳ್ಳಿ. ಒಂದನೇ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ನೆಕ್ಸಸ್ 3 ಸುಮಾರು 3.2 ಮೀಟರ್ ಹೋಗುತ್ತದೆ, ನೆಕ್ಸಸ್ 7 ಸುಮಾರು 2.8, ನೆಕ್ಸಸ್ 8 ಸುಮಾರು 2.3. ನಿಮಿಷಕ್ಕೆ 60 ಸುತ್ತು ಆರಾಮಾಗಿ ತುಳಿಯುವವರಿಗೆ ಅದು ಗಂಟೆಗೆ ಸುಮಾರು 11.5, 10 ಮತ್ತು 8 ಕಿ.ಮೀ. ಎದುರುಗಾಳಿಯಲ್ಲಿ ನಿಮ್ಮ ವೇಗ 9ಕ್ಕೆ ಇಳಿಯಿತು ಅಂದರೆ ಮೂರು ಗೇರಿನ ಸೈಕಲ್ಲಿನಲ್ಲಿ ಮಂಡಿ ಮುರಿದುಕೊಂಡು ತುಳಿಯುತ್ತಿರುತ್ತೀರಿ. ಈ ದೇಶ ಚಪ್ಪಟೆ, ಗೇರೇ ಬೇಡ ಅಂತ ಹೇಳುವವರು ಗಾಳಿಯನ್ನು ಮರೆತಿರುತ್ತಾರೆ. ಇಲ್ಲಿ ಗಾಳಿಯೇ ಗುಡ್ಡ.

ನನ್ನ ಲೆಕ್ಕ ಹೀಗೆ. ದಿನಕ್ಕೆ ಹೋಗಿಬರುವುದು 5 ಕಿ.ಮೀ. ಒಳಗೆ, ಊರೊಳಗೇ ಓಡಾಟ ಅಂದರೆ 3 ಸಾಕು. ಅಗ್ಗ, ಗಟ್ಟಿ, ಹಾಳಾಗುವುದು ಕಡಿಮೆ. 8–10 ಕಿ.ಮೀ. ದೂರದ ಆಫೀಸಿಗೆ ದಿನಾ ಹೋಗುವವರು 7 ನೋಡಿ. ಅದರಲ್ಲಿ ಒಂದು ಗೇರಿನಿಂದ ಇನ್ನೊಂದಕ್ಕೆ ಹೆಜ್ಜೆ ಸುಮಾರು 16%, ಕಾಲಿಗೆ ನುಣುಪಾಗಿ ಗೊತ್ತಾಗುತ್ತದೆ. ನೆಕ್ಸಸ್ 3ರಲ್ಲಿ ಒಂದೊಂದು ಹೆಜ್ಜೆಯೂ 36%. ಮಗುವಿನ ಸೀಟು ಕಟ್ಟುವವರು, ಲಿಂಬರ್ಗ್ ಕಡೆಯ ಏರಿನಲ್ಲಿ ಇರುವವರು 8ಕ್ಕೇ ಹೋಗಿ. ಇನ್ನೂ ಮೇಲೆ ಆಲ್ಫೀನ್ 11, ರೋಲಾಫ್ 14 ಎಲ್ಲಾ ಇವೆ. ಅವು ದುಬಾರಿ, ಮರೆತುಬಿಡಿ.

## 2. ನಿಮ್ಮ ಅಳತೆ ತೆಗೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಇಲ್ಲಿನ ಜನ ಎತ್ತರ, ಅವರು ಮಾರುವ ಸೈಕಲ್ಲೂ ಎತ್ತರ. ಗಂಡಸರ ಹಳೇ ಸೈಕಲ್ಲುಗಳು ಜಾಸ್ತಿ ಸಿಗುವುದು 57 ಮತ್ತು 61 ಸೆಂ.ಮೀ. ಸೈಜಿನಲ್ಲಿ. ನಮ್ಮಲ್ಲಿ ಅನೇಕರಿಗೆ ಅದು ದೊಡ್ಡದು.

ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಲ್ಲಿ. ದಪ್ಪ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಆ ಅಳತೆಯನ್ನು 0.66ರಿಂದ ಗುಣಿಸಿ. 80 ಸೆಂ.ಮೀ. ಬಂದರೆ ನಿಮ್ಮ ಫ್ರೇಮು ಹತ್ತಿರಹತ್ತಿರ 53. ಎರಡು ಸೆಂ.ಮೀ. ಆಚೆ ಈಚೆ ಆದರೆ ಸೀಟಿನಲ್ಲಿ ಸರಿಮಾಡಬಹುದು. ನಾಲ್ಕಾದರೆ ಬೇಡ.

ಅಡ್ಡ ಕೊಳವೆ ಇಲ್ಲದ ಹೆಂಗಸರ ಫ್ರೇಮನ್ನು ಗಂಡಸರು ತಗೊಳ್ಳಲು ನಾಚಿಕೊಳ್ಳುತ್ತಾರೆ. ಸುಮ್ನೆ ತಗೊಳ್ಳಿ, ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಸಣ್ಣ ಸೈಜು ಅದರಲ್ಲೇ ಜಾಸ್ತಿ ಸಿಗುವುದು. ದೊಡ್ಡವರ ಸೈಕಲ್ಲಿಗೆ ಒಳಪೆಡಲ್ ಹೊಡೆದು ಕಲಿತವರು ನಾವು, ಹೇಗಾದರೂ ಓಡಿಸಿಯೇವು ಅನ್ನುವ ಧೈರ್ಯ ಇರುತ್ತದೆ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಕಾಲು ನೆಲಕ್ಕೆ ಸಿಗದಿದ್ದರೆ ಮಳೆಗಾಲದಲ್ಲಿ ಒಮ್ಮೆಯಾದರೂ ಬೀಳುತ್ತೀರಿ.

## 3. ಬಜೆಟ್ಟಿನಿಂದ ಬೀಗದ ದುಡ್ಡನ್ನು ಮೊದಲೇ ತೆಗೆದಿಡಿ

ಹೊಸ ಸೈಕಲ್ಲಿನಲ್ಲಿ 7 ಅಥವಾ 8 ಹಬ್ ಗೇರು, ಒಳ್ಳೆ ಲೈಟು ಎಲ್ಲಾ ಬೇಕು ಅಂದರೆ 600 ಯೂರೋ ದಾಟಲು ತಯಾರಿರಿ. ಅಷ್ಟು ಬೇಡ ಅನ್ನುವವರಿಗೆ ಸೆಕೆಂಡ್ ಹ್ಯಾಂಡೇ ದಾರಿ. ಮುಂದಿನ ಹಂತಗಳು ಜಾಸ್ತಿ ಅವರಿಗಾಗಿ.

ಹಿಂದಿನ ಚಕ್ರಕ್ಕೆ ಅಂಟಿಕೊಂಡಿರುವ ರಿಂಗ್ ಬೀಗ ಒಂದೇ ಇದ್ದರೆ ಸಾಲದು. ಸೈಕಲ್ಲನ್ನು ಹಾಗೇ ಎತ್ತಿ ವ್ಯಾನಿಗೆ ಹಾಕಿಕೊಂಡು ಹೋಗುತ್ತಾರೆ. ಕಂಬಕ್ಕೆ ಕಟ್ಟುವ ಗಟ್ಟಿ ಚೈನ್ ಬೀಗ ಒಂದು ಬೇಕು. ರಿಂಗ್ ಬೀಗಕ್ಕೇ ಸಿಕ್ಕಿಸುವ ಚೈನು ಸಿಗುತ್ತದೆ, ಒಂದೇ ಕೀಲಿಯಲ್ಲಿ ಎರಡೂ ಕೆಲಸ ಆಗುತ್ತದೆ. ಬೀಗದ ಮೇಲೆ ಎಆರ್‌ಟಿ ಗುರುತು (ಬೀಗದ ಗಟ್ಟಿತನ ಪರೀಕ್ಷಿಸಿ ನಕ್ಷತ್ರಗಳಲ್ಲಿ ಕೊಡುವ ಗುರುತು) ಇದೆಯಾ ನೋಡಿ, ಎರಡು ನಕ್ಷತ್ರದ್ದು ದಿನಬಳಕೆಗೆ ಸಾಕು.

## 4. ಜಾಹೀರಾತು ಓದುವುದನ್ನು ಕಲಿಯಿರಿ

ಹಳೇ ಸಾಮಾನು ಕೊಳ್ಳುವ ಮಾರುವ ಡಚ್ ವೆಬ್‌ಸೈಟ್ ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ಹುಡುಕುವಾಗ ಮೂರು ಡಚ್ ಪದ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. 'ಫರ್ಸ್ನೆಲಿಂಗೆನ್' ಅಂದರೆ ಗೇರುಗಳು, ಹೊರಗಿನದ್ದೂ ಆಗಬಹುದು ಒಳಗಿನದ್ದೂ ಆಗಬಹುದು. 'ನಾಫ್' ಅಂದರೆ ಹಬ್, ನಿಮಗೆ ಬೇಕಾದ್ದು ಅದು. 'ಟೆರುಗ್‌ಟ್ರಾಪ್‌ರೆಮ್' ಅಂದರೆ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು.

ಈ ಹಿಂದಕ್ಕೆ ತುಳಿಯುವ ಬ್ರೇಕು ನನ್ನ ಮೊದಲ ಸೈಕಲ್ಲಿನಲ್ಲಿ ಇತ್ತು. ನನಗೆ ಗೊತ್ತಿರಲಿಲ್ಲ, ಮಾರಿದವರು ಹೇಳಲಿಲ್ಲ. ನಮಗೆಲ್ಲಾ ಒಂದು ಅಭ್ಯಾಸ ಇರುತ್ತದೆ ನೋಡಿ, ಸಿಗ್ನಲ್ ಹತ್ತಿರ ಬರುವಾಗ ಪೆಡಲನ್ನು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ ಬಲಗಾಲಿಗೆ ಸರಿಯಾಗಿ ತಂದುಕೊಳ್ಳುವುದು. ಹಾಗೆ ಮಾಡಿದೆ. ಸೈಕಲ್ಲು ಅಲ್ಲೇ ನಿಂತಿತು, ನಾನು ಹ್ಯಾಂಡಲ್ ಮೇಲೆ ಬಂದೆ. ಹಿಂದೆ ಮಗುವನ್ನು ಕೂರಿಸಿಕೊಂಡು ಬರುತ್ತಿದ್ದ ಒಬ್ಬ ಅಮ್ಮ ಸರಕ್ಕನೆ ಪಕ್ಕಕ್ಕೆ ತಿರುಗಿಸಿಕೊಂಡು ಹೋಗಿ ಏನೋ ಬೈದರು. ಅರ್ಥವಾಗದ್ದೇ ಒಳ್ಳೆಯದಾಯಿತು.

ಆ ಬ್ರೇಕು ಕೆಟ್ಟದ್ದೇನಲ್ಲ. ಮಳೆಯಲ್ಲೂ ಹಿಡಿಯುತ್ತದೆ, ಕೇಬಲ್ ಇಲ್ಲ, ಖರ್ಚಿಲ್ಲ. ಅಭ್ಯಾಸ ಮಾಡಿಕೊಳ್ಳುತ್ತೀರಾ ಇಲ್ಲವಾ ಅನ್ನುವುದನ್ನು ಕೊಳ್ಳುವ ಮುಂಚೆ ತೀರ್ಮಾನ ಮಾಡಿ, ಅಷ್ಟೇ.

ಫೋಟೋದಲ್ಲಿ ಹಿಂದಿನ ಚಕ್ರದ ಬಲಗಡೆ ದೊಡ್ಡದು ಮಾಡಿ ನೋಡಿ. ಕೆಳಗೆ ನೇತಾಡುವ ಕೈ, ಅದರಲ್ಲಿ ಎರಡು ಪುಟ್ಟ ಹಲ್ಲಿನ ಚಕ್ರ ಕಂಡರೆ ಅದು ಡಿರೈಲರ್. ದಪ್ಪ ಡಬ್ಬಿ, ಒಂದೇ ಹಲ್ಲಿನ ಚಕ್ರ ಕಂಡರೆ ಹಬ್ ಗೇರು. ಬಲಗಡೆಯ ಫೋಟೋನೇ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಕಳಿಸದವರ ಹತ್ತಿರ ಹೋಗಿ ಸಮಯ ಹಾಳು ಮಾಡಬೇಡಿ.

## 5. ಓಡಿಸುವ ಮುಂಚೆ ಹಬ್ ಪರೀಕ್ಷೆ

ಇಲ್ಲಿ ನಿಧಾನ ಮಾಡಿ. ಮಾರುವವರು ಗಡಿಬಿಡಿ ಮಾಡಿದರೂ ಹತ್ತು ನಿಮಿಷ ತಗೊಳ್ಳಿ.

ಬಟ್ಟೆಯಿಂದ ಹಬ್ ಒರೆಸಿ, ಟಾರ್ಚು ಹಾಕಿ. ಮೈಮೇಲೆ ಕೋಡ್ ಕೊರೆದಿರುತ್ತದೆ. ಎಸ್‌ಜಿ-7ಸಿ ಅಂತಲೋ ಎಸ್‌ಜಿ-8ಆರ್ ಅಂತಲೋ ಶುರುವಾಗುತ್ತದೆ. ಅಂಕಿ ಗೇರಿನ ಸಂಖ್ಯೆ. ಅದರ ಪಕ್ಕದ ಅಕ್ಷರ ಬ್ರೇಕಿನದ್ದು: ಸಿ ಅಂದರೆ ಹಿಂದಕ್ಕೆ ತುಳಿಯುವುದು, ಆರ್ ಅಂದರೆ ರೋಲರ್ ಬ್ರೇಕು (ಹಬ್ಬಿನ ಪಕ್ಕದ ಡಬ್ಬಿಯೊಳಗೆ ಹಿಡಿಯುವುದು), ವಿ ಅಂದರೆ ರಿಮ್ ಹಿಡಿಯುವುದು. ಹೊಸ ಹಬ್ಬುಗಳಲ್ಲಿ ಈ ಅಕ್ಷರ ಕೋಡಿನ ಕೊನೆಗೆ ಹೋಗಿದೆ, ಡಿಸ್ಕಿಗೆ ಡಿ ಅಂತ ಇರುತ್ತದೆ. ಮಾರುವವರ ಬಾಯಿಮಾತಿಗಿಂತ ಇದು ನಂಬಿಕಸ್ಥ.

ಆಮೇಲೆ ಟೈರನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲ್ಲಾಟ ಪರವಾಗಿಲ್ಲ, ಟಕ್ ಟಕ್ ಅಂತ ಕೈಗೆ ಹೊಡೆದರೆ ಬೇರಿಂಗ್ ಸಡಿಲವಾಗಿದೆ ಅಂತ ಅರ್ಥ. ಹಿಂದಿನ ಚಕ್ರ ಎತ್ತಿ ತಿರುಗಿಸಿ ಬಿಡಿ. ರಿಮ್ ಬಳುಕುತ್ತಾ ತಿರುಗಿದರೆ ಬೆಂಡು ತೆಗೆಸಬೇಕು, ಅದು ಚೌಕಾಸಿಗೆ ಒಳ್ಳೆಯ ಕಾರಣ.

ಈಗ ಮುಖ್ಯವಾದದ್ದು. 7 ಅಥವಾ 8ರ ಹಬ್ ಆದರೆ ಹ್ಯಾಂಡಲ್ಲಿನಲ್ಲಿ ಗೇರನ್ನು 4ಕ್ಕೆ ತನ್ನಿ. ಹಬ್ಬಿನ ಬಲಗಡೆ, ಕೇಬಲ್ ಸೇರುವ ಜಾಗದಲ್ಲಿ ಎರಡು ಪುಟ್ಟ ಗೆರೆ ಕಾಣುತ್ತವೆ. ಕೆಲವದರಲ್ಲಿ ಹಳದಿ, ಕೆಲವದರಲ್ಲಿ ಕೆಂಪು. ಆ ಎರಡೂ ಒಂದಕ್ಕೊಂದು ನೇರ ಇರಬೇಕು. ನೆಕ್ಸಸ್ 3 ಆದರೆ ಗೇರನ್ನು 2ಕ್ಕೆ ತಂದು, ಬಲಗಡೆಯ ಪ್ಲಾಸ್ಟಿಕ್ ಡಬ್ಬಿಯ ಕಿಂಡಿಯಲ್ಲಿ ಗುರುತು ನೋಡಿ. ಹಳೇ ಸ್ಟರ್ಮಿ ಆರ್ಚರ್ ಮೂರು ಗೇರಿನದ್ದು ಸಿಕ್ಕರೆ ಅದರಲ್ಲೂ 2. ಅಚ್ಚಿನ ತುದಿಗೂ ಒಳಗಿನ ಸಣ್ಣ ಕಡ್ಡಿಯ ತುದಿಗೂ ಮಟ್ಟ ಒಂದೇ ಇರಬೇಕು. ಈ ಹಳೇ ಹಬ್ಬಿನಲ್ಲಿ ಕೇಬಲ್ ಸರಿ ಇಲ್ಲದಿದ್ದರೆ 2ಕ್ಕೂ 3ಕ್ಕೂ ನಡುವೆ ಪೆಡಲ್ ಗಾಳಿಯಲ್ಲಿ ತಿರುಗಿದಂತೆ ಖಾಲಿ ತಿರುಗುತ್ತದೆ. ಎದ್ದು ನಿಂತು ತುಳಿಯುವಾಗ ಹಾಗಾದರೆ ಹಲ್ಲು ಮುರಿಯುವುದು ನಿಮ್ಮದು, ಚಕ್ರದ್ದಲ್ಲ.

ಗೆರೆ ನೇರ ಇಲ್ಲ ಅಂದ ಮಾತ್ರಕ್ಕೆ ಹಬ್ ಕೆಟ್ಟಿದೆ ಅಂತಲ್ಲ. ಕೇಬಲ್ ಹಿಗ್ಗಿರಬಹುದು. ಹ್ಯಾಂಡಲ್ ಹತ್ತಿರ ಕೇಬಲ್ ಹೊರಬರುವಲ್ಲಿ ಬೆರಳಲ್ಲಿ ತಿರುಗಿಸುವ ತಿರುಪು ಇರುತ್ತದೆ, ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಗೆರೆ ಕೂಡಿಸಿ. ಗೇರನ್ನು 1ಕ್ಕೆ ಒಯ್ದು ಮತ್ತೆ 4ಕ್ಕೆ ತಂದು ಇನ್ನೊಮ್ಮೆ ನೋಡಿ. ಇದನ್ನು ಓಡಿಸುವ ಮುಂಚೆಯೇ ಮಾಡಬೇಕು. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಿಂದಿನ ಅಚ್ಚಿನ ನಟ್ಟಿನ ಕೆಳಗೆ ಎರಡೂ ಕಡೆ ವಿಚಿತ್ರ ಆಕಾರದ ವಾಷರ್ ಇರುತ್ತದೆ. ಅದರ ಮೂತಿ ಫ್ರೇಮಿನ ಸೀಳಿನೊಳಗೆ ಕೂರಬೇಕು. ಅಚ್ಚು ತಿರುಗದಂತೆ ಹಿಡಿಯುವುದು ಅದೇ. ಹಿಂದೆ ಪಂಚರ್ ಹಾಕಿದವರು ಎಷ್ಟೋ ಸಲ ಅದನ್ನು ಕಳೆದು ಸಾದಾ ವಾಷರ್ ಹಾಕಿರುತ್ತಾರೆ. ಅಂಥದ್ದು ಕಂಡರೆ, ಫ್ರೇಮಿನ ಸೀಳು ಕಿತ್ತು ಅಗಲವಾಗಿದೆಯಾ ನೋಡಿ. ಆಗಿದ್ದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಚೈನು ನಡುವೆ ಮೇಲಕ್ಕೆ ಕೆಳಕ್ಕೆ ಸೇರಿ ಒಂದರಿಂದ ಒಂದೂವರೆ ಸೆಂ.ಮೀ. ಆಡಬೇಕು. ಪೂರ್ತಿ ಕವರ್ ಇದ್ದರೆ ಕಾಣುವುದಿಲ್ಲ, ಕಿವಿಗೆ ಕೆಲಸ ಕೊಡಿ. ಉಬ್ಬುತಗ್ಗಿನಲ್ಲಿ ಚೈನು ಕವರಿಗೆ ಬಡಿಯುವ ಸದ್ದು ಬಂದರೆ ಸಡಿಲ.

## 6. ಓಡಿಸಿ ನೋಡುವುದು

ಒಂದು ಸುತ್ತು ಹೋಗಿ ಬಂದು "ಚೆನ್ನಾಗಿದೆ" ಅನ್ನುವುದು ಪರೀಕ್ಷೆ ಅಲ್ಲ. ಪ್ರತಿ ಗೇರಿನಲ್ಲೂ ಕನಿಷ್ಠ ಹತ್ತು ಸುತ್ತು ಪೆಡಲ್ ತುಳಿಯಬೇಕು. ಮೊದಲು ಹಗುರವಾಗಿ, ಆಮೇಲೆ ಒತ್ತಿ. ಗೇರು ಬದಲಿಸುವಾಗ ಮಾತ್ರ ಕಾಲಿನ ಒತ್ತಡ ಅರೆಗಳಿಗೆ ಬಿಡಿ. ಈ ಹಬ್ಬುಗಳಿಗೆ ಅದು ಬೇಕು. ಜೋರಾಗಿ ತುಳಿಯುತ್ತಲೇ ಬದಲಿಸಿ ಕರ್ ಅಂತ ಸದ್ದು ಬಂದರೆ ಅದು ಹಬ್ಬಿನ ದೋಷವಲ್ಲ.

ಏರು ಬೇಕು. ಐಂಡ್‌ಹೋವನ್‌ನವರು ಹೋವನ್‌ರಿಂಗ್ ಹತ್ತಿರ ಮಾರುವವರನ್ನು ಭೇಟಿಯಾಗಿ. ಒಂದೇ ಕಂಬಕ್ಕೆ ತಂತಿಗಳಲ್ಲಿ ತೂಗುಹಾಕಿದ ಆ ಗುಂಡನೆ ಸೈಕಲ್ ಸೇತುವೆ 2012ರಿಂದ ಇದೆ, ಅದಕ್ಕೆ ಹತ್ತುವ ದಾರಿ ಹಬ್ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಬೇರೆ ಊರಿನವರು ಕಾಲುವೆ ದಾಟುವ ಯಾವುದಾದರೂ ಸೇತುವೆ ಹುಡುಕಿ. ಏರಿನಲ್ಲಿ ಒಂದೊಂದೇ ಗೇರು ಹಾಕಿ ಒತ್ತಿ ತುಳಿಯಿರಿ. ಸೀಟಿನ ಮೇಲೆ ಕೂತೇ ತುಳಿಯಿರಿ, ಎದ್ದು ನಿಲ್ಲಬೇಡಿ. ಜಾರಿದರೆ ಮುಖ ಹ್ಯಾಂಡಲ್ಲಿಗೆ ಹೊಡೆಯುತ್ತದೆ.

ಪೆಡಲ್ ತುಳಿಯದೆ ಬಿಟ್ಟಾಗ ಸಣ್ಣಗೆ ಟಿಕ್ ಟಿಕ್ ಅಂದರೆ ಸಹಜ. ಕೆಲವು ಗೇರಿನಲ್ಲಿ ಸದ್ದು ಜಾಸ್ತಿ, ಕೆಲವದರಲ್ಲಿ ಕಡಿಮೆ ಇರುವುದೂ ಸಹಜ. ನೆಕ್ಸಸ್ 8ರಲ್ಲಿ ಐದನೇ ಗೇರು ನೇರ ಗೇರು, ಹಿಂದಿನ ಹಲ್ಲಿನ ಚಕ್ರ ಒಂದು ಸುತ್ತು ತಿರುಗಿದರೆ ಸೈಕಲ್ ಚಕ್ರವೂ ಒಂದೇ ಸುತ್ತು ತಿರುಗುತ್ತದೆ. ಅದರಲ್ಲೂ ಕಡಕಡ ಸದ್ದು ಬಂದರೆ ತೊಂದರೆ ಗೇರಿನದ್ದಲ್ಲ, ಚೈನು, ಪೆಡಲ್ ಅಥವಾ ಬೇರಿಂಗಿನದ್ದು ಇರಬಹುದು. ತುಳಿಯುವಾಗ ಕಾಲು ಗಕ್ಕನೆ ಮುಂದಕ್ಕೆ ಜಾರಿ ಮತ್ತೆ ಹಿಡಿದುಕೊಂಡರೆ ನಿಲ್ಲಿಸಿ, ಇಳಿದು, 4ರ ಗೆರೆ ಇನ್ನೊಮ್ಮೆ ನೋಡಿ. ಗೆರೆ ಸರಿದಿದ್ದರೆ ಸರಿಮಾಡಿ ಮತ್ತೆ ಓಡಿಸಿ. ಗೆರೆ ನೇರ ಇದ್ದೂ ಜಾರುತ್ತಿದ್ದರೆ ಒಳಗೆ ಸವೆದಿದೆ. "ಸ್ವಲ್ಪ ಎಣ್ಣೆ ಬಿಟ್ಟರೆ ಸರಿಹೋಗುತ್ತೆ" ಅಂತ ಯಾರು ಹೇಳಿದರೂ ಕೇಳಬೇಡಿ. ಮೊದಲೇ ಗೆರೆ ಕೂಡಿಸಿಕೊಳ್ಳಿ ಅಂದದ್ದು ಇದಕ್ಕೇ. ಇಲ್ಲದಿದ್ದರೆ ಒಳ್ಳೆ ಹಬ್ಬನ್ನು ಕೆಟ್ಟದ್ದು ಅಂದುಕೊಂಡು ಬಿಟ್ಟು ಬರುತ್ತೀರಿ, ಕೆಟ್ಟದ್ದನ್ನು ಕೇಬಲ್ ತೊಂದರೆ ಅಂದುಕೊಂಡು ತರುತ್ತೀರಿ. ನಮ್ಮ ಹುಡುಗಿಯ ಏಳನೇ ಗೇರಿನ ಕಥೆ ಎರಡನೆಯದು.

ಎಲ್ಲಾ ಸರಿ, ಆದರೆ ಎಲ್ಲಾ ಗೇರೂ ಸ್ವಲ್ಪ ಭಾರ ಅನ್ನಿಸಿತಾ? ಅದಕ್ಕೆ ಸೈಕಲ್ ಬಿಡಬೇಕಾಗಿಲ್ಲ. ಹಿಂದಿನ ಹಲ್ಲಿನ ಚಕ್ರ 18ರದ್ದು ತೆಗೆದು 21ರದ್ದು ಹಾಕಿಸಿದರೆ ಎಲ್ಲಾ ಗೇರೂ ಸುಮಾರು 14% ಹಗುರ ಆಗುತ್ತವೆ. ಅಗ್ಗದ ಕೆಲಸ. ಚೈನು ಸ್ವಲ್ಪ ಉದ್ದ ಬೇಕಾಗಬಹುದು. ಆದರೆ ಮುಂದಿನ ಹಲ್ಲು ಹಿಂದಿನದರ ಎರಡು ಪಟ್ಟಿಗಿಂತ ತೀರಾ ಕೆಳಗೆ ಇಳಿಯದಂತೆ ನೋಡಿಕೊಳ್ಳಿ, ಹಬ್ಬಿನೊಳಗಿನ ಹಲ್ಲುಗಳ ಮೇಲೆ ಬೀಳುವ ಭಾರ ಜಾಸ್ತಿ ಆಗುತ್ತದೆ.

## 7. ಕದ್ದ ಮಾಲು ಅಲ್ಲವಲ್ಲ?

ಫ್ರೇಮ್ ನಂಬರ್ ಕೇಳಿ, ಕದ್ದ ಮಾಲು ಹುಡುಕುವ ಪೊಲೀಸರ ಪಟ್ಟಿ ಸ್ಟಾಪ್‌ಹೇಲಿಂಗ್‌ನಲ್ಲಿ ಹಾಕಿ ನೋಡಿ. ಒಂದು ನಿಮಿಷದ ಕೆಲಸ. ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಗೊತ್ತಾಗಬೇಕಾದ ಸಂದರ್ಭದಲ್ಲೂ ಕೊಂಡರೆ ಕೊಂಡವರಿಗೂ ಇಲ್ಲಿ ಶಿಕ್ಷೆ ಇದೆ. ವೀಸಾ ಮೇಲೆ ಇರುವವರಿಗೆ ಈ ತಲೆನೋವು ಬೇಡ ಅಲ್ವಾ?

ನಂಬರ್ ಉಜ್ಜಿ ಅಳಿಸಿದ್ದು, ರಿಂಗ್ ಬೀಗಕ್ಕೆ ಕೀಲಿ ಒಂದೇ ಇದ್ದು "ಇನ್ನೊಂದು ಎಲ್ಲೋ ಇದೆ" ಅನ್ನುವುದು, ಮನೆ ಹೇಳದೆ ಸ್ಟೇಷನ್ ಹಿಂದೆ ಸಿಗೋಣ ಅನ್ನುವುದು, ನಗದೇ ಬೇಕು ಅನ್ನುವುದು: ಇವುಗಳಲ್ಲಿ ಎರಡು ಸೇರಿದರೆ ನಾನು ಹೋಗುವುದೇ ಇಲ್ಲ. ದುಡ್ಡು ಬ್ಯಾಂಕಿನ ಮೂಲಕವೇ ಕಳಿಸಿ, ಫ್ರೇಮ್ ನಂಬರ್ ಬರೆದು ಕಳಿಸಿ, ಆ ಮೆಸೇಜ್ ಉಳಿಸಿಟ್ಟುಕೊಳ್ಳಿ.

## 8. ಮೊದಲ ತಿಂಗಳು

ಹೊಸ ಕೇಬಲ್ ಹಿಗ್ಗುತ್ತದೆ. ಎರಡು ವಾರದ ಮೇಲೆ 4ರ ಗೆರೆ ಮತ್ತೆ ನೋಡಿ. ಹೈ ಪ್ರೆಷರ್ ನೀರು ಹಬ್ಬಿಗೆ ಹೊಡೆಯಲೇಬೇಡಿ, ನೀರು ಒಳಗೆ ಹೋಗಿ ಗ್ರೀಸ್ ತೊಳೆದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಒಳಗೆ ಗ್ರೀಸ್ ಹಾಕಿಸಿ. ನಮ್ಮೂರ ಅಂಗಡಿಗಳಲ್ಲಿ ಓವರಾಯಿಲಿಂಗ್ ಅನ್ನುತ್ತಾರಲ್ಲ, ಅದೇ. ಚಳಿಗಾಲದಲ್ಲಿ ಗೇರು ಕದಲದಿದ್ದರೆ ಹಬ್ ಕೆಟ್ಟಿತು ಅಂತ ಗಾಬರಿ ಬೇಡ. ಕೇಬಲ್ಲಿನೊಳಗೆ ಹೋದ ನೀರು ಹೆಪ್ಪುಗಟ್ಟಿರುತ್ತದೆ, ಒಳಗೆ ತಂದು ಅರ್ಧ ಗಂಟೆ ನಿಲ್ಲಿಸಿ.

ಎಲ್ಲರೂ ಹೆದರುವುದು ಹಿಂದಿನ ಚಕ್ರದ ಪಂಚರಿಗೆ. ಕೇಬಲ್ ಕಳಚಿ, ಬ್ರೇಕು ಕಳಚಿ, ಚೈನ್ ಕವರ್ ಬಿಚ್ಚಿ ಚಕ್ರ ತೆಗೆಯಲು ಕೂತರೆ ಭಾನುವಾರ ಪೂರ್ತಿ ಹೋಗುತ್ತದೆ. ತೆಗೆಯಲೇಬೇಡಿ. ನಮ್ಮೂರಿನ ಪಂಚರ್ ಅಂಗಡಿಯವರು ಯಾವತ್ತಾದರೂ ಚಕ್ರ ಬಿಚ್ಚಿದ್ದನ್ನು ನೋಡಿದ್ದೀರಾ? ಚೈನ್ ಇಲ್ಲದ ಎಡಗಡೆಯಿಂದ ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬು ಎಳೆದು, ಗಾಳಿ ತುಂಬಿ, ಬೋಗುಣಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ ಒಣಗಿಸಿ, ಪ್ಯಾಚ್ ಅಂಟಿಸಿ, ಒಳಗೆ ತಳ್ಳುತ್ತಾರೆ. ಇಲ್ಲಿಯೂ ಹಾಗೇ ಮಾಡುವುದು. ಟ್ಯೂಬು ವಾಪಸ್ ಹಾಕುವ ಮುಂಚೆ ಟೈರಿನ ಒಳಮೈಯನ್ನು ಬೆರಳಲ್ಲಿ ನಿಧಾನವಾಗಿ ತಡವಿ. ಗಾಜಿನ ಚೂರು ಅಲ್ಲೇ ಸಿಕ್ಕಿಕೊಂಡಿರುತ್ತದೆ.